ಫೋನ್ ಅವರ ಕೈಯಲ್ಲೇ ಇರಲಿ: ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮೊಬೈಲ್ ಅಂಗಡಿಯವನ ಬಹಿರಂಗ ಪತ್ರ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ,
ಐದೂ ನಗರ ಪಾಲಿಕೆಗಳ ಆಯುಕ್ತರಿಗೆ,
ಸಾರ್ವಜನಿಕ ಗ್ರಂಥಾಲಯ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ, ನಮಸ್ಕಾರ.

ನಾನು ಲಗ್ಗೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದೇನೆ. 14 ವರ್ಷ ಆಯಿತು. ಕರೆನ್ಸಿ ಹಾಕುತ್ತೇನೆ, ಸಿಮ್ ಕೊಡುತ್ತೇನೆ, ಒಡೆದ ಡಿಸ್‌ಪ್ಲೇ ಬದಲಾಯಿಸುತ್ತೇನೆ, ಸ್ಕ್ರೀನ್ ಗಾರ್ಡ್ ಅಂಟಿಸುತ್ತೇನೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು, ಮನೆಗೆಲಸದವರು, ಗಾರೆ ಕೆಲಸದವರು, ಆಟೋದವರು, ತಳ್ಳುಗಾಡಿಯವರು, ನನ್ನ ಗಿರಾಕಿಗಳೆಲ್ಲ ಇವರೇ. ಪಾವಗಡ, ಮಧುಗಿರಿ ಕಡೆಯವರು ಜಾಸ್ತಿ. ಈಚೆಗೆ ರಾಯಚೂರು, ಯಾದಗಿರಿಯಿಂದಲೂ ತುಂಬ ಜನ ಬಂದಿದ್ದಾರೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಏರಿಯಾದ ಮೂವತ್ತು ನಲವತ್ತು ಜನರ ಯುಪಿಐ ಪಿನ್ ನನಗೆ ಗೊತ್ತು. ನಾನು ಕೇಳಿದ್ದಲ್ಲ, ಅವರೇ ಹೇಳಿದ್ದು. "ಅಣ್ಣ, ಊರಿಗೆ ಎರಡು ಸಾವಿರ ಹಾಕ್ಬೇಕಿತ್ತು, ನೀವೇ ಹಾಕ್ಬಿಡಿ" ಅಂತ ಫೋನನ್ನು ಕೌಂಟರ್ ಮೇಲೆ ಇಡುತ್ತಾರೆ. "ಪಿನ್ ನೀವೇ ಒತ್ತಿ ಅಕ್ಕ" ಅಂದರೆ, ಹಿಂದೆ ನಾಲ್ಕು ಜನ ನಿಂತಿದ್ದರೂ ಗಟ್ಟಿಯಾಗಿ ನಂಬರ್ ಹೇಳಿಬಿಡುತ್ತಾರೆ. ಎಷ್ಟೋ ಜನರದ್ದು ಮಗ ಅಥವಾ ಮಗಳು ಹುಟ್ಟಿದ ವರ್ಷ. ಕೆಲವರು ಚೀಟಿಯಲ್ಲಿ ಬರೆದು ಫೋನ್ ಕವರ್ ಒಳಗೇ ಮಡಚಿಟ್ಟಿರುತ್ತಾರೆ.

ಯಾರ ಒಂದು ರೂಪಾಯಿಯನ್ನೂ ನಾನು ಮುಟ್ಟಿಲ್ಲ. ಆದರೆ ರಾತ್ರಿ ಶಟರ್ ಎಳೆಯುವಾಗ ಒಂದೊಂದು ಸಲ ಭಯ ಆಗುತ್ತದೆ. ಈ ಜಾಗದಲ್ಲಿ ಬೇರೆ ಮನಸ್ಸಿನವನು ಕೂತಿದ್ದರೆ ಏನಾಗುತ್ತಿತ್ತು? ತಿಂಗಳೆಲ್ಲ ಮಿಷನ್ ಮುಂದೆ ಕೂತು ದುಡಿದ ದುಡ್ಡು ಅದು. ಅದರ ಬೀಗದ ಕೈಯನ್ನು ಒಬ್ಬ ಅಂಗಡಿಯವನ ಕೈಗೆ ಕೊಟ್ಟು ಹೋಗುವ ಪರಿಸ್ಥಿತಿ ಯಾರಿಗೂ ಬರಬಾರದು. ಅದಕ್ಕೇ ಈ ಪತ್ರ.

ನನ್ನ ಅಂಗಡಿಗೆ ದಿನಾ ಏನೇನು ಬರುತ್ತದೆ ಅಂತ ಹೇಳಿದರೆ ನಿಮಗೆ ಅರ್ಥವಾಗುತ್ತದೆ. ತಿಂಗಳಿಗೊಮ್ಮೆ "ಗೃಹಲಕ್ಷ್ಮಿ ದುಡ್ಡು ಬಂತಾ ನೋಡಿ" ಅಂತ ಸಾಲು ಶುರುವಾಗುತ್ತದೆ. ಅದನ್ನು ನೋಡಲು ಸರ್ಕಾರದ್ದೇ ಡಿಬಿಟಿ ಕರ್ನಾಟಕ ಆ್ಯಪ್ ಇದೆ. ಫೋನ್ ಅವರ ಕೈಯಲ್ಲೇ ಇದೆ. ಆದರೂ ನನ್ನ ಹತ್ತಿರ ಬರುತ್ತಾರೆ. ಗಾರೆ ಕೆಲಸದವರು ಕಾರ್ಮಿಕ ಕಾರ್ಡ್‌ಗೆ ಅರ್ಜಿ ಹಾಕಬೇಕು ಅಂತ ಬರುತ್ತಾರೆ. ಸ್ಕೂಲಿನಿಂದ ವಾಟ್ಸಾಪ್‌ನಲ್ಲಿ ಏನೋ ಕಳಿಸಿದ್ದಾರೆ, ಓದಿ ಹೇಳಿ ಅಂತ ತಾಯಂದಿರು ಬರುತ್ತಾರೆ. ಆಸ್ಪತ್ರೆಯ ರಿಪೋರ್ಟು ಪಿಡಿಎಫ್ ಆಗಿ ಬಂದಿರುತ್ತದೆ. ಅದು ಎಲ್ಲಿ ಹೋಗಿ ಕೂತಿದೆ ಅಂತ ಗೊತ್ತಾಗದೆ ಒಬ್ಬರು ಮೂರು ದಿನ ಒದ್ದಾಡಿದ್ದರು. ಡೌನ್‌ಲೋಡ್ ಅಂದರೆ ಎಲ್ಲಿಗೆ ಇಳಿಯಿತು ಅಂತ ಅವರಿಗೆ ಯಾರೂ ಯಾವತ್ತೂ ತೋರಿಸಿರಲಿಲ್ಲ.

ಇದಕ್ಕೆಲ್ಲ ನಾನು ಹತ್ತೋ ಇಪ್ಪತ್ತೋ ತಗೊಳ್ಳುತ್ತೇನೆ. ದೊಡ್ಡ ಅರ್ಜಿ ಆದರೆ ಐವತ್ತು. ಜನ ತಾವೇ ಕಲಿತುಬಿಟ್ಟರೆ ಆ ದುಡ್ಡು ನನಗೆ ಬರುವುದಿಲ್ಲ. ಬರದಿದ್ದರೂ ಪರವಾಗಿಲ್ಲ, ಚಾರ್ಜರ್ ಮಾರಿ, ಡಿಸ್‌ಪ್ಲೇ ಹಾಕಿ ನನ್ನ ಮನೆ ನಡೆಯುತ್ತದೆ.

ಪಿಎಫ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. 2016ರ ಏಪ್ರಿಲ್ ನಿಮಗೆ ನೆನಪಿರಬಹುದು. ಪಿಎಫ್ ದುಡ್ಡು ತೆಗೆಯುವ ನಿಯಮ ಬದಲಾಯಿಸುತ್ತಾರೆ ಅಂತ ಗೊತ್ತಾಗಿ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ರಸ್ತೆಗೆ ಇಳಿದರು. ಪೀಣ್ಯ, ಜಾಲಹಳ್ಳಿ, ಹೊಸೂರು ರಸ್ತೆ ಎಲ್ಲಾ ಕಡೆ. ಎರಡು ದಿನ ಬೆಂಗಳೂರು ನಿಂತುಹೋಯಿತು. ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಮುಂದೆ ನಿಂತು ಮಾತಾಡುವ ದೊಡ್ಡ ನಾಯಕರು ಯಾರೂ ಇಲ್ಲದೆ, ತಮ್ಮ ದುಡ್ಡು ತಮ್ಮದು ಅಂತ ಆ ಹೆಂಗಸರು ಗೆದ್ದ ಹೋರಾಟ ಅದು.

ಅದೇ ಹೆಂಗಸರಲ್ಲಿ ಕೆಲವರು ಈಗ ನನ್ನ ಅಂಗಡಿ ಮುಂದೆ ನಿಲ್ಲುತ್ತಾರೆ. ಪಿಎಫ್ ಕ್ಲೇಮ್ ಈಗ ಫೋನಿನಲ್ಲೇ ಹಾಕಬಹುದು, ಉಮಂಗ್ ಆ್ಯಪ್‌ನಲ್ಲಿ. ಆದರೆ ಯುಎಎನ್ ಅನ್ನುವ ಪಿಎಫ್ ನಂಬರ್ ಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಬೇಕು, ಆಧಾರ್‌ನಲ್ಲಿರುವ ಹೆಸರೂ ಪಿಎಫ್‌ನಲ್ಲಿರುವ ಹೆಸರೂ ಒಂದೇ ಆಗಿರಬೇಕು. ಒಂದರಲ್ಲಿ ಗಂಡನ ಹೆಸರು ಸೇರಿರುತ್ತದೆ, ಇನ್ನೊಂದರಲ್ಲಿ ಅಪ್ಪನ ಇನಿಶಿಯಲ್ ಇರುತ್ತದೆ. ಇದನ್ನೆಲ್ಲ ಸರಿಮಾಡಿಸಿ ಕೊಡುತ್ತೇವೆ ಅಂತ ಬ್ರೋಕರ್‌ಗಳು ಹುಟ್ಟಿಕೊಂಡಿದ್ದಾರೆ. ಬಂದ ದುಡ್ಡಿನಲ್ಲಿ ಇಷ್ಟು ಪಾಲು ಅಂತ ಮಾತಾಡಿಕೊಳ್ಳುತ್ತಾರೆ. ಒಬ್ಬ ಅಕ್ಕ ಹನ್ನೊಂದು ವರ್ಷ ಕಾಲರ್ ಹೊಲಿದು ಸೇರಿಸಿದ ದುಡ್ಡಿನಲ್ಲಿ ಬ್ರೋಕರ್‌ಗೆ ಆರು ಸಾವಿರ ಕೊಟ್ಟು ಬಂದರು. ಬೀದಿಯಲ್ಲಿ ನಿಂತು ಗೆದ್ದ ಹಕ್ಕನ್ನು ಫೋನಿನಲ್ಲಿ ಕಳೆದುಕೊಂಡ ಹಾಗಾಯಿತು. ಆ ದಿನ ನನಗೆ ಊಟ ಸೇರಲಿಲ್ಲ.

ಫೋನ್ ಇಲ್ಲ, ಸಿಗ್ನಲ್ ಇಲ್ಲ ಅನ್ನುವ ಕಾಲ ಹೆಚ್ಚುಕಮ್ಮಿ ಮುಗಿದಿದೆ. ಪ್ರಪಂಚದ ಮೊಬೈಲ್ ಕಂಪನಿಗಳ ಸಂಘ ಜಿಎಸ್‌ಎಂಎ ಅಂತ ಇದೆ. ಅವರ 2024ರ ವರದಿ ಪ್ರಕಾರ ಮೊಬೈಲ್ ಇಂಟರ್ನೆಟ್ ಸಿಗ್ನಲ್ಲೇ ಸಿಗದ ಜಾಗದಲ್ಲಿ ಇರುವವರು ಪ್ರಪಂಚದಲ್ಲಿ 100ಕ್ಕೆ 4 ಜನ ಮಾತ್ರ. ಸಿಗ್ನಲ್ ಇದ್ದೂ ಬಳಸದೇ ಇರುವವರು 100ಕ್ಕೆ 39 ಜನ. ಅಂದರೆ ಸುಮಾರು 310 ಕೋಟಿ ಜನ ಟವರ್ ನೆರಳಲ್ಲೇ ಕೂತಿದ್ದಾರೆ, ಆದರೆ ಅದು ಅವರದ್ದಾಗಿಲ್ಲ. ಇವರಲ್ಲಿ ಜಾಸ್ತಿ ಜನ ಬಡ ದೇಶಗಳವರು, ಮಧ್ಯಮ ಆದಾಯದ ದೇಶಗಳವರು. ಹೆಂಗಸರ ಲೆಕ್ಕ ಇನ್ನೂ ಬೇಜಾರು. ನಮ್ಮ ದಕ್ಷಿಣ ಏಷ್ಯಾದಲ್ಲಿ ಗಂಡಸರಿಗಿಂತ ಹೆಂಗಸರು ಮೊಬೈಲ್ ಇಂಟರ್ನೆಟ್ ಬಳಸುವುದು ಶೇಕಡಾ 31ರಷ್ಟು ಕಮ್ಮಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಂದು ಸಲವಾದರೂ ಇಂಟರ್ನೆಟ್ ಬಳಸಿದ್ದೇವೆ ಅಂದ ಭಾರತದ ಹೆಂಗಸರು 100ಕ್ಕೆ 33. ಗಂಡಸರು 57.

ಇಂಟರ್ನೆಟ್ ಯಾಕೆ ಬಳಸುವುದಿಲ್ಲ ಅಂತ ಕೇಳಿದರೆ ಈ ದೇಶಗಳ ಜನ ಮುಖ್ಯವಾಗಿ ಎರಡು ಕಾರಣ ಹೇಳುತ್ತಾರಂತೆ. ಫೋನಿನ ಬೆಲೆ ಒಂದು, ಬಳಸಲು ಬರುವುದಿಲ್ಲ ಅನ್ನುವುದು ಇನ್ನೊಂದು. ನಮ್ಮ ಬೀದಿಯಲ್ಲಿ ಮೊದಲನೆಯದು ಸ್ವಲ್ಪ ಸ್ವಲ್ಪ ಕರಗುತ್ತಿದೆ. ಸೆಕೆಂಡ್ ಹ್ಯಾಂಡ್ ಟಚ್ ಫೋನ್ ನಾನೇ ಮೂರು ಸಾವಿರಕ್ಕೆ ಕೊಡುತ್ತೇನೆ. ಎರಡನೆಯದು ಹಾಗೇ ಕೂತಿದೆ.

ಬಳಸಲು ಬರುವುದಿಲ್ಲ ಅಂದರೆ ಏನು ಅಂತ ಹತ್ತಿರದಿಂದ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ಹೋದ ವರ್ಷ ಒಬ್ಬ ಅಕ್ಕ ಬಂದರು. ಗಾರ್ಮೆಂಟ್ಸ್‌ನಲ್ಲಿ ಫಿನಿಶಿಂಗ್ ಸೆಕ್ಷನ್‌ನಲ್ಲಿ ಕೆಲಸ. ಬಟನ್ ಫೋನ್ ಬಿಟ್ಟು ಮಗಳ ಹಳೇ ಟಚ್ ಫೋನ್ ಇಟ್ಟುಕೊಂಡಿದ್ದರು. "ಈ ಫೋನ್ ನನ್ ಮಾತು ಕೇಳಲ್ಲ ಅಣ್ಣ" ಅಂದರು. ಏನು ಮಾಡುತ್ತಾರೆ ಅಂತ ನೋಡಿದೆ. ಬಟನ್ ಫೋನ್ ಒತ್ತಿದ ಹಾಗೆ ಹೆಬ್ಬೆರಳಿನಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದುಕೊಳ್ಳುತ್ತಿದ್ದರು. ಟಚ್ ಫೋನ್‌ನಲ್ಲಿ ಒತ್ತಿ ಹಿಡಿದರೆ ಬೇರೆ ಏನೋ ಆಗುತ್ತದೆ. ಆ್ಯಪ್ ತೆಗೆದುಹಾಕಲಾ ಅಂತ ಕೇಳುತ್ತದೆ. ಇವರು ಗಾಬರಿಯಲ್ಲಿ ಇನ್ನೂ ಗಟ್ಟಿಯಾಗಿ ಒತ್ತುತ್ತಾರೆ. ಹಾಗೆ ಎರಡು ಸಲ ವಾಟ್ಸಾಪ್ಪೇ ಹೋಗಿತ್ತು.

"ಅಕ್ಕ, ಇಸ್ತ್ರಿ ಪೆಟ್ಟಿಗೆ ಕಾದಿದೆಯಾ ಅಂತ ಹೆಂಗೆ ನೋಡ್ತೀರ?" ಅಂತ ಕೇಳಿದೆ.

ಅವರು ನಕ್ಕು, ಬೆರಳ ತುದಿ ನಾಲಿಗೆಗೆ ತಾಗಿಸಿ, ಗಾಳಿಯಲ್ಲೇ ಚಟ್ ಅಂತ ಮುಟ್ಟಿ ತೆಗೆದು ತೋರಿಸಿದರು.

"ಅಷ್ಟೇ ಅಕ್ಕ. ಒದ್ದೆ ಮಾಡ್ಕೋಬೇಡಿ. ಹಾಗೇ ಮುಟ್ಟಿ ಬಿಡಿ."

ವಾಟ್ಸಾಪ್ ತೆರೆದುಕೊಂಡಿತು. ಅವರ ಮುಖ ನೋಡಬೇಕಿತ್ತು. ಆಮೇಲೆ ಮೇಲಕ್ಕೆ ಸರಿಸುವುದು ಬರಲಿಲ್ಲ. "ಶರ್ಟ್ ಮೇಲೆ ಅಂಟಿರೋ ನೂಲು ಹೆಂಗೆ ತಳ್ತೀರ?" ಅಂದೆ. ಅದೂ ಬಂತು. ಎಲ್ಲಾ ಸೇರಿ ಹತ್ತು ನಿಮಿಷ ಆಗಿರಬಹುದು. ಅಷ್ಟು ಹೊತ್ತೂ ನಾನು ಅವರ ಫೋನ್ ಮುಟ್ಟಲಿಲ್ಲ. ಆ ಬೆರಳಿಗೆ ಇಪ್ಪತ್ತು ವರ್ಷದ ಕೆಲಸ ಗೊತ್ತಿತ್ತು. ಹೊಸ ಕೆಲಸವನ್ನು ಹಳೇ ಕೆಲಸದ ಪಕ್ಕದಲ್ಲಿ ಇಟ್ಟು ತೋರಿಸುವವರು ಬೇಕಿತ್ತು.

ಅವತ್ತಿನಿಂದ ನಾನು ಒಂದು ನಿಯಮ ಮಾಡಿಕೊಂಡೆ. ಕಲಿಸುವವನು ಫೋನ್ ಮುಟ್ಟಬಾರದು.

ಮನೆಗಳಲ್ಲಿ ಏನಾಗುತ್ತದೆ ಅಂತ ನಿಮಗೂ ಗೊತ್ತು. ಅಮ್ಮ ಏನೋ ಕೇಳುತ್ತಾಳೆ. ಮಗ "ಕೊಡಿಲ್ಲಿ" ಅಂತ ಫೋನ್ ಕಿತ್ತುಕೊಂಡು ಐದು ಸೆಕೆಂಡಿನಲ್ಲಿ ಮಾಡಿ ಕೊಡುತ್ತಾನೆ. ಕೆಲಸ ಆಗುತ್ತದೆ, ಅಮ್ಮನಿಗೆ ಏನೂ ಬರುವುದಿಲ್ಲ. ಎರಡನೇ ಸಲ ಕೇಳಿದರೆ "ಅಷ್ಟೂ ಗೊತ್ತಾಗಲ್ವಾ ನಿಂಗೆ" ಅನ್ನುತ್ತಾನೆ. ಮೂರನೇ ಸಲ ಅವಳು ಕೇಳುವುದೇ ಇಲ್ಲ. ನನ್ನ ಅಂಗಡಿಗೆ ಬಂದು ಪಿನ್ ಹೇಳುತ್ತಾಳೆ. ಸೈಬರ್ ಸೆಂಟರ್‌ಗಳೂ ಹೀಗೇ. ಬೆಂಗಳೂರು ಒನ್ ಕೇಂದ್ರಗಳು 2005ರಿಂದ ಇವೆ. ಬಿಲ್ಲು ಕಟ್ಟಲು, ಅರ್ಜಿ ಹಾಕಲು ನಿಜಕ್ಕೂ ಅನುಕೂಲ. ಆದರೆ ಅಲ್ಲಿಯೂ ಕೆಲಸ ಮಾಡಿಕೊಡುತ್ತಾರೆ, ಕಲಿಸುವುದಿಲ್ಲ. ಕಲಿಸುವುದು ಅವರ ಕೆಲಸವೂ ಅಲ್ಲ ಬಿಡಿ.

ನಾನೇ ಸ್ವಲ್ಪ ದಿನ ಪ್ರಯತ್ನ ಮಾಡಿದೆ. ಭಾನುವಾರ ಬೆಳಿಗ್ಗೆ ಅಂಗಡಿ ಮುಂದೆ ಎಂಟು ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಮೊದಲ ವಾರ ಮೂರು ಜನ ಬಂದರು. ನಾಲ್ಕನೇ ವಾರಕ್ಕೆ ಹನ್ನೊಂದು ಜನ. ಒಂದು ವಾರಕ್ಕೆ ಒಂದೇ ವಿಷಯ. ಒಂದು ಭಾನುವಾರ ಬರೀ ಬ್ಯಾಲೆನ್ಸ್ ನೋಡುವುದು. ಇನ್ನೊಂದು ಭಾನುವಾರ ಮೈಕ್ ಗುರುತು ಒತ್ತಿ ಕನ್ನಡದಲ್ಲಿ ಮಾತಾಡಿ ಹುಡುಕುವುದು. ಈ ಮೈಕ್ ವಿಷಯ ಕಲಿತ ದಿನ ಅವರಿಗೆ ಆದ ಖುಷಿ ಇನ್ನೂ ಕಣ್ಣ ಮುಂದಿದೆ. ಓದಲು ಸರಿಯಾಗಿ ಬರದ ಒಬ್ಬ ಅಮ್ಮ "ಪಾವಗಡ ಮಳೆ" ಅಂದರು. ಫೋನ್ ತೋರಿಸಿತು. ಮಳೆ ಇರಲಿಲ್ಲ, ಅದು ಬೇರೆ ಮಾತು. ತನ್ನ ಮಾತನ್ನು ಫೋನ್ ಕೇಳಿಸಿಕೊಂಡಿತಲ್ಲ ಅಂತ ಪಕ್ಕದವರಿಗೆಲ್ಲ ತೋರಿಸಿಕೊಂಡು ಬಂದರು.

ಆದರೆ ನಡೆಯಲಿಲ್ಲ. ರಸ್ತೆ ಕಿರಿದು. ನೀರಿನ ಟ್ಯಾಂಕರ್ ಬಂದರೆ ಎಲ್ಲರೂ ಎದ್ದು ಕುರ್ಚಿ ಮಡಚಬೇಕು. ಹೋಗಿ ಬರುವ ಗಂಡಸರು ನಿಂತು ನೋಡುತ್ತಾರೆ. ಒಬ್ಬಾಕೆಯ ಗಂಡ "ರೋಡಲ್ಲಿ ಕೂತು ಫೋನ್ ಆಡ್ತೀಯಾ" ಅಂತ ರೇಗಿದನಂತೆ. ಅವಳು ಮತ್ತೆ ಬರಲಿಲ್ಲ. ಮಳೆಗಾಲ ಶುರುವಾಯಿತು, ನಿಂತೇಹೋಯಿತು. ಕಲಿಯಲು ಮನಸ್ಸಿದ್ದ ಹನ್ನೊಂದು ಜನರನ್ನು ಕೂರಿಸಲು ಒಂದು ಜಾಗ ಸಿಗಲಿಲ್ಲ ಅನ್ನುವುದು ನನಗೆ ಇವತ್ತಿಗೂ ನೋವು.

ಆ ನಿಂತುಹೋದ ತಿಂಗಳುಗಳಲ್ಲೇ ಇನ್ನೊಂದು ಘಟನೆ ಆಯಿತು. ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುವ ಹುಡುಗ, ನಮ್ಮ ಹಿಂದಿನ ರಸ್ತೆಯವನು. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಅಂತ ಒಂದು ಫೈಲ್ ಬಂತು. ಫೈಲಿನ ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇತ್ತು. ಅದು ಫೋಟೋನೂ ಅಲ್ಲ, ಪತ್ರಿಕೆನೂ ಅಲ್ಲ. ಒತ್ತಿದರೆ ಫೋನಿನೊಳಗೆ ಒಂದು ಆ್ಯಪ್ ಬಂದು ಕೂರುತ್ತದೆ. ಮೆಸೇಜ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಮುಗಿಯಿತು, ಬ್ಯಾಂಕಿನಿಂದ ಬರುವ ಓಟಿಪಿಗಳೆಲ್ಲ ಕಳ್ಳನಿಗೆ ಹೋಗುತ್ತವೆ. ರಾತ್ರಿ ಹತ್ತು ಗಂಟೆಗೆ ಅವನ ಖಾತೆಯಿಂದ ಹದಿನೆಂಟು ಸಾವಿರ ಹೋಯಿತು. ತಂಗಿ ಸೀಮಂತಕ್ಕೆ ಅಂತ ಇಟ್ಟಿದ್ದ ದುಡ್ಡು. ಬೆಳಿಗ್ಗೆ ಬ್ಯಾಂಕ್ ಬಾಗಿಲು ತೆಗೆಯುವವರೆಗೆ ಅವನು ಕಾದ. ಬ್ಯಾಂಕಿನವರು ಸ್ಟೇಷನ್‌ಗೆ ಹೋಗು ಅಂದರು. ಅಲ್ಲಿಂದ ಇನ್ನೊಂದು ಕಡೆ. ನನ್ನ ಹತ್ತಿರ ಬಂದಾಗ ಮಧ್ಯಾಹ್ನ ಎರಡು ಗಂಟೆ. ಆಮೇಲೆ ಸೈಬರ್ ವಂಚನೆಯ ದೂರು ತಗೊಳ್ಳುವ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ಆ ನಂಬರ್‌ಗೆ ಎಷ್ಟು ಬೇಗ ಹೇಳುತ್ತೇವೋ, ಹೋದ ದುಡ್ಡನ್ನು ಮಧ್ಯದಲ್ಲೇ ತಡೆಯುವ ಅವಕಾಶ ಅಷ್ಟು ಜಾಸ್ತಿ. ನಾವು ಹದಿನಾರು ಗಂಟೆ ಕಳೆದಿದ್ದೆವು. ದುಡ್ಡು ಬರಲಿಲ್ಲ.

ಅವನಿಗೆ 1930 ಅನ್ನುವ ನಾಲ್ಕು ಅಂಕಿ ಗೊತ್ತಿದ್ದರೆ ಸಾಕಿತ್ತು. 100, 108 ಎಲ್ಲರಿಗೂ ಗೊತ್ತು. ಇದು ಯಾಕೆ ಗೊತ್ತಿಲ್ಲ? ಬ್ಯಾಂಕಿನ ಎಚ್ಚರಿಕೆ ಮೆಸೇಜುಗಳು ನನ್ನ ಗಿರಾಕಿಗಳ ಫೋನಿಗೆ ಬರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಓಟಿಪಿ ಯಾರಿಗೂ ಹೇಳಬೇಡಿ ಅನ್ನುವ ಮಾತನ್ನೇ ಅವರಿಗೆ ಬಾರದ ಭಾಷೆಯಲ್ಲಿ ಹೇಳಿದರೆ ಏನು ಉಪಯೋಗ? ಫೋನನ್ನು ಕನ್ನಡಕ್ಕೆ ಬದಲಾಯಿಸಿ ಕೊಟ್ಟರೆ ಅಲ್ಲಿ "ದೃಢೀಕರಣ ವಿಫಲವಾಗಿದೆ" ಅಂತ ಬರುತ್ತದೆ. ಹತ್ತನೇ ಕ್ಲಾಸ್ ಓದಿದ ಹುಡುಗಿ ಅದನ್ನು ಓದಿ "ಅಂದ್ರೆ ಏನಣ್ಣ?" ಅಂತ ಕೇಳಿದಳು. "ನೀವೇನಾ ಅಂತ ಗೊತ್ತಾಗಲಿಲ್ಲ, ಇನ್ನೊಂದು ಸಲ ಮಾಡಿ" ಅಂತ ಬರೆದಿದ್ದರೆ ಯಾರಿಗೂ ಕಷ್ಟ ಇರುತ್ತಿರಲಿಲ್ಲ. ನಿಮ್ಮ ಪಾಲಿಕೆಗಳ ಆ್ಯಪ್‌ಗಳಲ್ಲಾದರೂ ನಮ್ಮ ಬೀದಿಯ ಕನ್ನಡ ಬರಲಿ ಅಂತ ಕೇಳಿಕೊಳ್ಳುತ್ತೇನೆ.

ನನ್ನ ಕೌಂಟರ್ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ. ದಪ್ಪ ಮಾರ್ಕರ್‌ನಲ್ಲಿ ಬರೆದಿದ್ದೇನೆ: "ದುಡ್ಡು ಬರೋಕೆ ಪಿನ್ ಬೇಡ. ದುಡ್ಡು ಹೋಗೋಕೆ ಪಿನ್. ದುಡ್ಡು ಹೋದ್ರೆ ತಕ್ಷಣ 1930." ಎಷ್ಟೋ ಜನ ಅದರ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಈ ಮೂರು ಮಾತನ್ನು ನಗರದ ಎಲ್ಲಾ ಬಸ್ ಸ್ಟಾಪ್, ನ್ಯಾಯಬೆಲೆ ಅಂಗಡಿ, ಅಂಗನವಾಡಿ ಗೋಡೆ ಮೇಲೆ ಬರೆಸಲು ಎಷ್ಟು ಖರ್ಚಾಗಬಹುದು?

ತಿಳಿಸಿ ಹೇಳುವವರು ಇಲ್ಲದಿದ್ದರೆ ಇನ್ನೂ ಒಂದು ತೊಂದರೆ ಇದೆ. ಕಲಿತದ್ದೂ ಕೈಬಿಟ್ಟುಹೋಗುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಏನಾಯಿತು ನೋಡಿ. ಅಂಗಡಿ ಅಂಗಡಿಯಲ್ಲೂ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಿತ್ತು. ನಮ್ಮ ಬೀದಿಗೆ ಸೊಪ್ಪು ತರುವ ಅಜ್ಜಿಯೂ ಕ್ಯೂಆರ್ ಕೋಡ್ ಕಿತ್ತು ಚೀಲಕ್ಕೆ ಹಾಕಿಕೊಂಡರು. "ಬ್ಯಾಡ ಮಗಾ, ಗೌರ್ಮೆಂಟ್ನೋರು ಹಿಡ್ಕಂಡೋಗ್ತಾರಂತೆ" ಅಂದರು. ತಾಜಾ ಸೊಪ್ಪು ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಅದನ್ನು ಅವರಿಗೆ ಹೇಳುವವರು ಯಾರಿದ್ದರು? ಆ ಕೋಡ್ ಬಳಸುವುದನ್ನು ಕಲಿಯಲು ಅಜ್ಜಿ ಮೂರು ತಿಂಗಳು ತಗೊಂಡಿದ್ದರು. ದುಡ್ಡು ಬಂದಾಗ ಆ ಪೆಟ್ಟಿಗೆ ಕನ್ನಡದಲ್ಲಿ ಕೂಗುತ್ತದಲ್ಲ, ಅದನ್ನು ಕೇಳಿ ಕೇಳಿ ನಂಬಿಕೆ ಬಂದಿತ್ತು. ಒಂದು ಗಾಳಿಮಾತಿಗೆ ಅದೆಲ್ಲ ಹೋಯಿತು.

ಕೇಂದ್ರ ಸರ್ಕಾರ 2017ರಲ್ಲಿ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಅಂತ ಶುರುಮಾಡಿತ್ತು. 20 ಗಂಟೆಯ ತರಬೇತಿ. 6 ಕೋಟಿ ಮನೆಗಳಲ್ಲಿ ಮನೆಗೊಬ್ಬರಿಗೆ ಕಲಿಸುವ ಗುರಿ ಇತ್ತು, ಸಂಖ್ಯೆಯಲ್ಲಿ ಅದನ್ನು ಮುಟ್ಟಿದರು. 2024ರ ಮಾರ್ಚ್‌ಗೆ ಅದು ಮುಗಿಯಿತು. ಒಳ್ಳೆಯ ಕೆಲಸವೇ. ಆದರೆ ಹೆಸರಲ್ಲೇ ಇದೆ, ಅದು ಹಳ್ಳಿಗಳಿಗೆ ಮಾತ್ರ. ವಯಸ್ಸು 14ರಿಂದ 60ರ ಒಳಗಿರಬೇಕು. ನಮ್ಮ ಸೊಪ್ಪಿನ ಅಜ್ಜಿಗೆ ಅರವತ್ತೆಂಟು. ಯಾದಗಿರಿಯಿಂದ ಬಂದು ಲಗ್ಗೆರೆಯ ಶೀಟ್ ಮನೆಯಲ್ಲಿ ಇರುವವರು ಹಳ್ಳಿಯ ಲೆಕ್ಕಕ್ಕೂ ಸಿಗಲಿಲ್ಲ, ನಗರದವರಂತೂ ಆ ಯೋಜನೆಗೆ ಸೇರಿರಲೇ ಇಲ್ಲ. ಬೆಂಗಳೂರು ಐಟಿ ಊರು, ಇಲ್ಲಿ ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡರೋ ಏನೋ.

ಪಕ್ಕದ ಕೇರಳದವರು ಬೇರೆ ದಾರಿ ಹಿಡಿದರು. ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಅನ್ನುವ ಪಂಚಾಯಿತಿಯಲ್ಲಿ ಉದ್ಯೋಗ ಖಾತ್ರಿ ಹೆಂಗಸರು ಕೂಲಿ ಬಂತಾ ಅಂತ ನೋಡಲು ಕೆಲಸ ಬಿಟ್ಟು ಬ್ಯಾಂಕಿಗೆ ಹೋಗಬೇಕಿತ್ತು. ಇದನ್ನು ನೋಡಿ ಅಲ್ಲಿಯವರು ಫೋನ್ ಕಲಿಸಲು ಶುರುಮಾಡಿದರು. ಕೆಲಸದ ಜಾಗಕ್ಕೇ ಹೋದರು, ಮನೆಗೇ ಹೋದರು. 2022ರಲ್ಲಿ ಆ ಪಂಚಾಯಿತಿಯಲ್ಲಿ ಎಲ್ಲರಿಗೂ ಬರುತ್ತದೆ ಅಂತ ಘೋಷಣೆ ಆಯಿತು. ಆಮೇಲೆ ಅದೇ ಕೆಲಸವನ್ನು ಇಡೀ ರಾಜ್ಯದಲ್ಲಿ ಮಾಡಿದರು. ಮನೆ ಮನೆ ಸರ್ವೆ ಮಾಡಿ, ಬಾರದವರು 21 ಲಕ್ಷಕ್ಕೂ ಜಾಸ್ತಿ ಇದ್ದಾರೆ ಅಂತ ಹುಡುಕಿದರು. ಸ್ವಯಂಸೇವಕರು ಒಬ್ಬೊಬ್ಬರ ಪಕ್ಕದಲ್ಲೂ ಕೂತು ಕಲಿಸಿದರು. 2025ರ ಆಗಸ್ಟ್ 21ರಂದು ಇಡೀ ರಾಜ್ಯ ಡಿಜಿಟಲ್ ಸಾಕ್ಷರ ಅಂತ ಘೋಷಿಸಿದರು. 100 ವರ್ಷ ದಾಟಿದ ಒಬ್ಬ ಹಿರಿಯರೂ ಅದರಲ್ಲಿ ಕಲಿತರು.

ಕೀನ್ಯಾದಲ್ಲಿ 2007ರಲ್ಲಿ ಎಂ-ಪೆಸಾ ಶುರುವಾದಾಗ ಬಟನ್ ಫೋನಿನಲ್ಲಿ ದುಡ್ಡು ಕಳಿಸುವುದನ್ನು ಜನರಿಗೆ ತೋರಿಸಿಕೊಟ್ಟವರು ಬೀದಿ ಬೀದಿಯ ಸಣ್ಣ ಅಂಗಡಿಯವರು, ನನ್ನಂಥವರು. ನಾನು ಮೊದಲು ಹೇಳಿದ ಜಿಎಸ್‌ಎಂಎ ಸಂಘವೂ ಒಂದು ತರಬೇತಿ ಕೈಪಿಡಿ ಮಾಡಿದೆ. ಅದರ ದಾರಿಯೂ ಇದೇ: ಮೊದಲು ಅಂಗಡಿಯವರಿಗೆ, ಏಜೆಂಟರಿಗೆ ಹೇಳಿಕೊಡುವುದು. ಅವರು ಗಿರಾಕಿಗಳಿಗೆ ಚಿಕ್ಕ ಚಿಕ್ಕ ಪಾಠವಾಗಿ ಹೇಳಿಕೊಡುವುದು. ಇದನ್ನು ಓದಿದಾಗ ನನಗೆ ಧೈರ್ಯ ಬಂತು. ನಾನು ಕುರ್ಚಿ ಹಾಕಿದ್ದು ಹುಚ್ಚು ಕೆಲಸ ಆಗಿರಲಿಲ್ಲ.

ಈಗ ನಿಮ್ಮಲ್ಲಿ ನಾನು ಕೇಳುವುದು ಜಾಗ. ಆ ಜಾಗ ಆಗಲೇ ಇದೆ. ನಮ್ಮ ಬಡಾವಣೆಗಳ ಸಾರ್ವಜನಿಕ ಗ್ರಂಥಾಲಯಗಳು.

ನಾವು ಕಟ್ಟುವ ಆಸ್ತಿ ತೆರಿಗೆ ಜೊತೆ 100ಕ್ಕೆ 6 ರೂಪಾಯಿ ಗ್ರಂಥಾಲಯ ಕರ ಸೇರಿರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಬಾಡಿಗೆ ಮನೆಯವರು ತೆರಿಗೆ ಕಟ್ಟುವುದಿಲ್ಲ ಅಂತ ಅನ್ನಬೇಡಿ. ಓನರ್ ಅದನ್ನೆಲ್ಲ ಬಾಡಿಗೆಯಲ್ಲಿ ಸೇರಿಸಿಯೇ ತಗೊಳ್ಳುತ್ತಾರೆ. ಒಂದು ಶೀಟ್ ಮನೆಯಲ್ಲಿ ಇರುವ ಗಾರ್ಮೆಂಟ್ಸ್ ಅಕ್ಕನ ದುಡ್ಡೂ ಆ ಗ್ರಂಥಾಲಯದಲ್ಲಿ ಇದೆ. ಆದರೆ ಅವಳು ಒಳಗೆ ಹೋಗಿಲ್ಲ. ಅದು ಓದು ಬರುವವರ ಜಾಗ ಅಂತ ಅವಳ ಮನಸ್ಸಿನಲ್ಲಿ ಇದೆ. ಒಳಗೆ ದೊಡ್ಡ ಮೇಜಿದೆ, ಬೆಂಚಿದೆ, ಫ್ಯಾನ್ ಇದೆ, ಮಳೆ ಬಂದರೆ ಮೇಲೆ ಸೂರಿದೆ. ಗ್ರಂಥಾಲಯಕ್ಕೆ ಹೋಗಿಬರುತ್ತೇನೆ ಅಂದರೆ ಯಾವ ಗಂಡನೂ ಬೈಯುವುದಿಲ್ಲ. ಹಳ್ಳಿಗಳ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ನಮ್ಮ ಸರ್ಕಾರವೇ ಅರಿವು ಕೇಂದ್ರ ಅಂತ ಮಾಡಿ ಕಂಪ್ಯೂಟರ್ ಇಟ್ಟಿದೆ. ಹಳ್ಳಿಯಲ್ಲಿ ಆಗಿದ್ದು ಲಗ್ಗೆರೆಯಲ್ಲಿ, ರಾಜಗೋಪಾಲನಗರದಲ್ಲಿ, ಸುಂಕದಕಟ್ಟೆಯಲ್ಲಿ ಆಗಬಾರದಾ?

ಭಾನುವಾರ ಎರಡು ಗಂಟೆ ಸಾಕು. ವಾರದ ದಿನ ಇಟ್ಟರೆ ಸಂಜೆ ಆರೂವರೆ ಮೇಲೆ ಇಡಿ, ಅದಕ್ಕೆ ಮೊದಲು ಗಾರ್ಮೆಂಟ್ಸ್ ಬಿಟ್ಟು ಮನೆ ಸೇರುವುದೇ ಕಷ್ಟ. ಬೆಳಿಗ್ಗೆ ಹನ್ನೊಂದಕ್ಕೆ ಶಿಬಿರ ಮಾಡಿ ಜನ ಬರಲಿಲ್ಲ ಅನ್ನಬೇಡಿ. ಹೊಸ ಟ್ಯಾಬು, ಪ್ರೊಜೆಕ್ಟರ್ ಕೊಳ್ಳುವುದೂ ಬೇಡ. ಅವರವರ ಫೋನನ್ನೇ ತರಲಿ. ಒಡೆದ ಗ್ಲಾಸಿನ, ಸ್ಟೋರೇಜ್ ಫುಲ್ ಆದ, ಹ್ಯಾಂಗ್ ಆಗುವ ಅದೇ ಫೋನಿನಲ್ಲೇ ಅವರು ನಾಳೆ ಬದುಕಬೇಕಲ್ಲ. ಬಟನ್ ಫೋನ್ ತಂದರೂ ಕೂರಿಸಿ. ಬಟನ್ ಫೋನಿನಲ್ಲೂ ಯುಪಿಐ ಮಾಡುವ 123ಪೇ 2022ರಿಂದ ಇದೆ. ನನ್ನ ಗಿರಾಕಿಗಳಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ.

ಕಲಿಸುವವರಿಗೆ ದೊಡ್ಡ ಡಿಗ್ರಿ ಬೇಡ. ಮೊದಲು ಕಲಿತ ಹೆಂಗಸರೇ ಆಗಲಿ. ನಾನು ಹೇಳಿದ ಆ ಇಸ್ತ್ರಿ ಪೆಟ್ಟಿಗೆ ಅಕ್ಕ ಈಗ ತಮ್ಮ ಲೈನಿನಲ್ಲಿ ಆರು ಜನರಿಗೆ ಬ್ಯಾಲೆನ್ಸ್ ನೋಡುವುದು ಹೇಳಿಕೊಟ್ಟಿದ್ದಾರೆ, ಊಟದ ಅರ್ಧ ಗಂಟೆಯಲ್ಲಿ. ಅಂಥವರಿಗೆ ಭಾನುವಾರಕ್ಕೆ ಇಷ್ಟು ಅಂತ ಗೌರವಧನ ಕೊಡಿ. ಸುಮ್ನೆ ಸೇವೆ ಮಾಡಿ ಅಂತ ಬಡವರನ್ನೇ ಕೇಳಬೇಡಿ. ಸರ್ಟಿಫಿಕೇಟು, ಉದ್ಘಾಟನೆ, ಫೋಟೋ ಇದಕ್ಕೆಲ್ಲ ಟೈಮ್ ಹಾಳು ಮಾಡಬೇಡಿ. ಎಷ್ಟು ಜನ ಬಂದರು ಅಂತ ಎಣಿಸುವ ಬದಲು, ಆರು ವಾರ ಆದಮೇಲೆ ಯಾರ ಸಹಾಯವೂ ಇಲ್ಲದೆ ತನ್ನ ಫೋನಿನಲ್ಲಿ ತಾನೇ ಊರಿಗೆ ದುಡ್ಡು ಹಾಕಿದವರು ಎಷ್ಟು ಅಂತ ಎಣಿಸಿ. ಎಲ್ಲಾ ಬಡಾವಣೆಯಲ್ಲೂ ಒಟ್ಟಿಗೆ ಶುರುಮಾಡುವುದೂ ಬೇಡ. ಹತ್ತು ಗ್ರಂಥಾಲಯ ಸಾಕು. ಪೀಣ್ಯದ ಸುತ್ತಮುತ್ತ ಐದು, ಬೊಮ್ಮನಹಳ್ಳಿ ಕಡೆ ಐದು. ಗಾರ್ಮೆಂಟ್ಸ್ ಜನ ಹೆಚ್ಚಿಗೆ ಇರುವುದು ಈ ಎರಡು ಕಡೆ.

ಗ್ರಂಥಪಾಲಕರಿಗೆ ಇದು ಇನ್ನೊಂದು ಹೊರೆ ಆಗುತ್ತದೆ ಅಂತ ಹೇಳುವವರು ಇದ್ದಾರೆ. ನಿಜ, ಭಾನುವಾರ ಅವರಿಗೂ ಮನೆ ಇದೆ. ಅವರು ಕಲಿಸುವುದು ಬೇಡ. ಬಾಗಿಲು ತೆಗೆದು, ಮುಗಿದ ಮೇಲೆ ಬೀಗ ಹಾಕಲು ಒಬ್ಬರು ಇದ್ದರೆ ಸಾಕು. ಕಸ ನಾವು ಗುಡಿಸುತ್ತೇವೆ. ಪುಸ್ತಕ ಯಾರೂ ಮುಟ್ಟುವುದಿಲ್ಲ ಅಂತ ಮಾತ್ರ ನಾನು ಹೇಳುವುದಿಲ್ಲ. ಮುಟ್ಟಲಿ. ಒಳಗೆ ಬಂದವಳು ಮಗಳಿಗೆ ಅಂತ ಒಂದು ಕಥೆ ಪುಸ್ತಕ ತಗೊಂಡು ಹೋದರೆ ಗ್ರಂಥಾಲಯ ಇಲಾಖೆಗೆ ಖುಷಿಯೇ ಆಗಬೇಕಲ್ವಾ.

ನನ್ನ ಕಡೆಯಿಂದ ಇಷ್ಟು. ಲಗ್ಗೆರೆ ಕಡೆಯ ಗ್ರಂಥಾಲಯ ಕೊಟ್ಟರೆ ಪ್ರತಿ ಭಾನುವಾರ ಹತ್ತರಿಂದ ಹನ್ನೆರಡರವರೆಗೆ ನಾನು ಅಂಗಡಿ ಮುಚ್ಚಿ ಬರುತ್ತೇನೆ. ನನ್ನ ಹಾಗೆ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ಇನ್ನೂ ನಾಲ್ಕು ಜನ ಬರುತ್ತೇವೆ ಅಂದಿದ್ದಾರೆ. ಆ ಹನ್ನೊಂದು ಹೆಂಗಸರ ಹೆಸರು ನನ್ನ ಡೈರಿಯಲ್ಲಿ ಇದೆ. ರೇಗಿದ ಗಂಡನನ್ನೂ ಕರೆಯುತ್ತೇನೆ, ಅವನಿಗೂ ಬ್ಯಾಲೆನ್ಸ್ ನೋಡಲು ಬರುವುದಿಲ್ಲ. ಮೊದಲ ದಿನ ನನಗೆ ಪಿನ್ ಹೇಳಿದ ಎಲ್ಲರನ್ನೂ ಕೂರಿಸಿ, ಒಬ್ಬೊಬ್ಬರ ಕೈಯಲ್ಲೂ ಪಿನ್ ಬದಲಾವಣೆ ಮಾಡಿಸುತ್ತೇನೆ. ಅವರು ಒತ್ತುವಾಗ ನಾನು ಗೋಡೆ ಕಡೆ ತಿರುಗಿ ನಿಲ್ಲುತ್ತೇನೆ.

ಬೀಗದ ಕೈ ಯಾರ ಹತ್ತಿರ ತಗೊಳ್ಳಬೇಕು ಅಂತ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಲಗ್ಗೆರೆಯ ಒಬ್ಬ ಮೊಬೈಲ್ ಅಂಗಡಿಯವನು
ಬೆಂಗಳೂರು